ಹಸಿರು ವಾರದ ಕೆಂಪು

ಹಸಿರು ಬಣ್ಣದ ವಾರದಲ್ಲೂ ಒಂದಕ್ಕೆ ಕೆಂಪಗೇ ಹೋದಾಗ ಅಕ್ಕನಿಗೆ ಅನುಮಾನ ಹುಟ್ಟಿತು. ಅಲ್ಲಿಯವರೆಗೆ ಅವಳು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ದುಡಿಯುವ ಹೆಂಗಸರಿಗೆ ಮೈಯಿಂದ ಬಣ್ಣ ಇಳಿಯುವುದು ಹೊಸ ಸಂಗತಿಯೇನಲ್ಲ. ನೀಲಿ ತೊಟ್ಟಿಯ ಮುಂದೆ ನಿಂತ ವಾರ ಮೂಗು ಒರೆಸಿದರೆ ಕರವಸ್ತ್ರ ನೀಲಿಯಾಗುತ್ತಿತ್ತು. ಹಳದಿಯ ವಾರ ಬೆಳಿಗ್ಗೆ ಎದ್ದರೆ ದಿಂಬಿನ ಮೇಲೆ ಅರ್ಧ ಮುಖದ ಅಚ್ಚು ಬಿದ್ದಿರುತ್ತಿತ್ತು. ಕೆಂಪು ತೊಟ್ಟಿಯ ಪಾಳಿ ಬಂದಾಗ ಒಂದಕ್ಕೆ ಹೋದದ್ದು ಕೆಂಪಗಿದ್ದರೆ, ಬಣ್ಣ ಈಗ ಒಳಗೂ ಇಳಿದಿದೆ ಎಂದು ತನ್ನಷ್ಟಕ್ಕೆ ನಕ್ಕು ನೀರು ಹಾಕಿ ಬರುತ್ತಿದ್ದಳು. ಹಸಿರು ವಾರದಲ್ಲಿ ಹಾಗೆ ನಗಲು ದಾರಿ ಇರಲಿಲ್ಲ.

ಅವಳು ಅದನ್ನು ತಂಗಿಗೆ ಹೇಳಿದ್ದು ಒಗೆದ ಬಟ್ಟೆ ಮಡಿಸುತ್ತಾ. ಹಾಸಿಗೆಯ ಚಾದರದ ಎರಡು ತುದಿ ಅವಳ ಕೈಯಲ್ಲಿ, ಇನ್ನೆರಡು ತಂಗಿಯ ಕೈಯಲ್ಲಿ. ನೋವಿಲ್ಲ, ಉರಿಯಿಲ್ಲ, ಬಣ್ಣ ಮಾತ್ರ ತಪ್ಪಾಗಿದೆ ಎಂದಳು. ತಂಗಿ ಚಾದರವನ್ನು ಮಡಿಸಿ, ಅಂಚಿಗೆ ಅಂಚು ಕೂಡಿಸಿ, ಅಲಮಾರಿಯಲ್ಲಿಟ್ಟು ಬಂದು ನಾಳೆ ರಜೆ ಹಾಕು ಎಂದಳು. ಅವಳಿಗೆ ಆ ಕ್ಷಣದಲ್ಲೇ ಎಲ್ಲ ಗೊತ್ತಾಗಿತ್ತು. ಎದೆ ಧಸಕ್ಕೆನ್ನಬೇಕಿತ್ತು, ಕೈಕಾಲು ತಣ್ಣಗಾಗಬೇಕಿತ್ತು. ಯಾವುದೂ ಆಗಲಿಲ್ಲ. ಮಡಿಸಬೇಕಾದ ಬಟ್ಟೆ ಇನ್ನೂ ಅರ್ಧ ಬುಟ್ಟಿ ಉಳಿದಿತ್ತು, ಅದನ್ನು ಮಡಿಸಿದಳು.

ತಂಗಿಯ ಕೆಲಸವೇ ಅಂಥದ್ದು. ಊರ ಹೊರಗಿನ ಸಂಶೋಧನಾ ಸಂಸ್ಥೆಯಲ್ಲಿ ಅವಳು ಇಲಿಗಳಿಗೆ ಕ್ಯಾನ್ಸರ್ ಬರಿಸುತ್ತಿದ್ದಳು. ಬೀದಿಯವರು ಅವಳನ್ನು ಇಲಿ ಡಾಕ್ಟರು ಎಂದು ಕರೆಯುತ್ತಿದ್ದರು. ಮೊದಲು ಹಾಗೆ ಕರೆದವಳು ಅಕ್ಕನೇ; ಅದು ಬೀದಿಗೆಲ್ಲ ಹಬ್ಬಿತ್ತು. ತಾಯಿ ತೀರಿಕೊಂಡಾಗ ತಂಗಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಕ್ಕ ಶಾಲೆ ಬಿಟ್ಟು ಬಣ್ಣದ ಕಾರ್ಖಾನೆ ಸೇರಿದಳು. ತಂಗಿಯ ಜಡೆ ಹೆಣೆಯುವಾಗ ಬೆರಳ ಬಣ್ಣ ಕೂದಲಿಗೆ ಹತ್ತಿ, ಶಾಲೆಯಲ್ಲಿ ಹುಡುಗಿಯರು ಇವತ್ತು ನಿಮ್ಮಕ್ಕ ಯಾವ ತೊಟ್ಟಿ ಎಂದು ಜಡೆ ನೋಡಿಯೇ ಹೇಳುತ್ತಿದ್ದರು. ಅಕ್ಕ ಮದುವೆಯಾಗಲಿಲ್ಲ. ಯಾಕೆಂದು ಯಾರಾದರೂ ಕೆದಕಿದರೆ, ವಾರಕ್ಕೊಂದು ಬಣ್ಣ ಬದಲಿಸೋಳನ್ನ ಯಾವನು ಗುರುತು ಹಿಡೀತಾನೆ ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಪರೀಕ್ಷೆಗಳು ಮುಗಿದ ದಿನ ಮೂತ್ರಕೋಶದ ಡಾಕ್ಟರು, ತಂಗಿಗಿಂತ ಚಿಕ್ಕ ವಯಸ್ಸಿನ ಹೆಂಗಸು, ಕಂಪ್ಯೂಟರಿನ ಪರದೆಯನ್ನು ಇವರ ಕಡೆ ತಿರುಗಿಸಿದರು. ಮೂತ್ರಕೋಶದ ಒಳಗೋಡೆಗೆ ಹೂಕೋಸಿನಂಥ ಒಂದು ಗಂಟು ಅಂಟಿಕೊಂಡಿತ್ತು. ಎಷ್ಟು ವರ್ಷದಿಂದ ಬಣ್ಣದ ಕೆಲಸ ಎಂದು ಕೇಳಿದರು. ಅಕ್ಕ ಹೇಳಿದಳು. ಡಾಕ್ಟರು ತಲೆಯಾಡಿಸಿ, ಕೆಲವು ಬಣ್ಣದ ಪುಡಿಗಳಲ್ಲಿರುವ ರಾಸಾಯನಿಕ ಚರ್ಮದಿಂದಲೋ ಉಸಿರಿನಿಂದಲೋ ಒಳಗೆ ಹೋಗಿ, ಹೊರಗೆ ಹೋಗುವ ದಾರಿಯಲ್ಲಿ ಇಲ್ಲಿ ತಂಗುತ್ತದೆ, ತಂಗಿದ ಕಡೆ ಕೆಡಿಸುತ್ತದೆ ಎಂದು ವಿವರಿಸಿದರು. ತಂಗಿ ಪಾಠ ಕೇಳುವವಳ ಹಾಗೆ ಕೇಳಿದಳು. ನಡುವೆ ಒಂದು ಪ್ರಶ್ನೆಯನ್ನೂ ಕೇಳಿದಳು. ಗಂಟು ಗೋಡೆಯೊಳಗೆ ಇಳಿದಿದೆಯೋ ಇಲ್ಲವೋ ಎಂದು. ಇಳಿದ ಹಾಗೆ ಕಾಣುವುದಿಲ್ಲ ಎಂದರು ಡಾಕ್ಟರು. ಆಮೇಲೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ತಂಗಿ ಹೊಟ್ಟೆ ತುಂಬ ಊಟ ಮಾಡಿದಳು. ಅಕ್ಕ ತಟ್ಟೆಯಲ್ಲಿ ಬೆರಳಾಡಿಸುತ್ತಾ ಅವಳನ್ನೇ ನೋಡುತ್ತಿದ್ದಳು.

"ನಿನಗೆ ಅಳು ಬರ್ತಾ ಇಲ್ವೇನೇ?" ಎಂದು ಕೇಳಿದಳು.

"ಇಲ್ಲ ಅಕ್ಕ. ಯಾಕೆ ಅಂತ ಗೊತ್ತಿಲ್ಲ."

"ಸದ್ಯ. ಇಬ್ಬರೂ ಅತ್ರೆ ಬಸ್ಸಲ್ಲಿ ಜನ ನೋಡ್ತಾರೆ."

ಮಧ್ಯಾಹ್ನ ತಂಗಿ ಪ್ರಯೋಗಾಲಯಕ್ಕೆ ಹೋದಳು. ಅವತ್ತು ಇಲಿಗಳಿಗೆ ಬಳಿಯುವ ದಿನ. ಒಂದರ ಮೇಲೊಂದು ಎರಡು ಕೈಗವಸು ತೊಟ್ಟು, ಗಾಳಿ ಹೀರುವ ಗಾಜಿನ ಪೆಟ್ಟಿಗೆಯೊಳಗೆ ಕೈ ತೂರಿಸಿ, ಬೋಳಿಸಿದ ಇಲಿಯ ಬೆನ್ನಿಗೆ ಸಣ್ಣ ಕುಂಚದಿಂದ ರಾಸಾಯನಿಕ ಸವರಬೇಕು. ಅಕ್ಕನ ಕೈಗವಸು ಬೆರಳ ತುದಿಯಲ್ಲಿ ಹರಿದೇ ಇರುತ್ತಿತ್ತು; ಹರಿದದ್ದರಲ್ಲಿ ಬಣ್ಣ ಒಳಗೆ ಸೇರಿ ಅಲ್ಲೇ ನಿಲ್ಲುತ್ತದೆ, ಅದಕ್ಕಿಂತ ಬರಿಗೈ ವಾಸಿ ಎಂದು ಎಷ್ಟೋ ಸಲ ಕಿತ್ತೆಸೆಯುತ್ತಿದ್ದಳು. ಇದು ತಂಗಿಗೆ ನೆನಪಾಯಿತು. ಕುಂಚವನ್ನು ಮತ್ತೆ ಅದ್ದಿ ಮುಂದಿನ ಇಲಿಯನ್ನು ಎತ್ತಿಕೊಂಡಳು. ಇಲಿಗಳು ಎಂದಿನಂತೆ ಅಂಗೈಯಲ್ಲಿ ಮೂಗು ಕುಣಿಸಿದವು.

ಆ ಪ್ರಯೋಗದಲ್ಲಿ ಎರಡು ಬಗೆಯ ಇಲಿಗಳಿದ್ದವು. ಒಂದು ಮಾಮೂಲಿ. ಇನ್ನೊಂದು ಬಗೆಯವಕ್ಕೆ ಚರ್ಮದ ಕಾವಲು ಕೋಶಗಳೇ ಇರಲಿಲ್ಲ. ಚರ್ಮದ ಮೇಲ್ಪದರದಲ್ಲಿ ಕೈಚಾಚಿಕೊಂಡು ಕೂತಿರುವ ಕೋಶಗಳವು. ಹೊರಗಿನಿಂದ ಏನು ಬಂದರೂ ಹಿಡಿದು, ನುಂಗಿ, ತುಂಡು ಮಾಡಿ, ಇಂಥವನು ಬಂದಿದ್ದಾನೆ ಎಂದು ದೇಹದ ಉಳಿದ ಪಡೆಗೆ ಸುದ್ದಿ ಮುಟ್ಟಿಸುವುದು ಅವುಗಳ ಕೆಲಸ. ಕಾವಲಿಲ್ಲದ ಇಲಿಗೆ ಗಂಟು ಬೇಗ ಬರಬೇಕು, ಹೆಚ್ಚು ಬರಬೇಕು. ಹಾಗೆಂದೇ ಎಲ್ಲರೂ ಎಣಿಸಿದ್ದರು.

ಆಗಿದ್ದು ತಿರುಗುಮುರುಗು. ಅಕ್ಕನ ಗಂಟನ್ನು ಮೂತ್ರದ ದಾರಿಯಿಂದಲೇ ಕೊಳವೆ ಬಿಟ್ಟು ಕೆರೆದು ತೆಗೆದ ವಾರವೇ ತಂಗಿಗೆ ಅದು ಕಣ್ಣಿಗೆ ಕಾಣುವಷ್ಟಾಯಿತು. ಮಾಮೂಲಿ ಇಲಿಗಳ ಬೆನ್ನ ಮೇಲೆ ನರೂಲಿಯಂಥ ಗಂಟುಗಳು ಎದ್ದಿದ್ದವು. ಕಾವಲಿಲ್ಲದವುಗಳ ಬೆನ್ನು ಬಹುಮಟ್ಟಿಗೆ ನುಣ್ಣಗಿತ್ತು. ಪಂಜರಗಳು ಅದಲುಬದಲಾಗಿವೆಯೋ ಎಂದು ತಂಗಿ ಮತ್ತೆ ಮತ್ತೆ ನೋಡಿದಳು. ಬದಲಾಗಿರಲಿಲ್ಲ. ಪ್ರಯೋಗಾಲಯದ ಮುಖ್ಯಸ್ಥರಾದ ಪ್ರೊಫೆಸರು ಕನ್ನಡಕ ಹಣೆಗೇರಿಸಿ ಒಂದೊಂದೇ ಇಲಿಯನ್ನು ಎತ್ತಿ ನೋಡಿದರು. ಸಾಮಾನ್ಯವಾಗಿ ಮಾತಿಗೆ ಮುಂಚೆ ಕೆಮ್ಮುವ ಮನುಷ್ಯ ಅವತ್ತು ಕೆಮ್ಮುವುದನ್ನೇ ಮರೆತಿದ್ದರು. ಕಾವಲು ಕೋಶಗಳು ಈ ರಾಸಾಯನಿಕವನ್ನು ನುಂಗಿ ತುಂಡರಿಸುವಾಗ ಆ ತುಂಡುಗಳೇ ಮೊದಲಿನದಕ್ಕಿಂತ ಹರಿತವಾಗುತ್ತಿರಬಹುದು, ಅಕ್ಕಪಕ್ಕದ ಕೋಶಗಳ ಒಳಗನ್ನು ಸೀಳುತ್ತಿರಬಹುದು ಎಂದರು. ಬಹುದು, ಬಹುದು, ಎಂದು ಬೆರಳೆತ್ತಿ ತಮ್ಮನ್ನು ತಾವೇ ತಡೆದುಕೊಂಡರು. ಇದು ಇಲಿಯಲ್ಲಿ, ಚರ್ಮದಲ್ಲಿ, ಈ ಒಂದು ರಾಸಾಯನಿಕದಲ್ಲಿ ಕಂಡದ್ದು ಅಷ್ಟೇ. ಆದರೂ ಮುಖ ಅರಳಿತ್ತು. ಇಷ್ಟು ವರ್ಷ ಪಟ್ಟ ಪಾಡಿಗೆ ಫಲ ಸಿಕ್ಕಿತಲ್ಲ, ನೀವು ಯಾಕೆ ಹೀಗೆ ಸಪ್ಪಗಿದ್ದೀರಿ ಎಂದು ಕೇಳಿದರು. ಮನೆಯಲ್ಲಿ ಸ್ವಲ್ಪ ಹುಷಾರಿಲ್ಲ ಎಂದಳು ತಂಗಿ.

ಅದೇ ಹೊತ್ತಿಗೆ ಆಸ್ಪತ್ರೆಯಲ್ಲಿ ಅಕ್ಕನಿಗೆ ಮುಂದಿನ ಚಿಕಿತ್ಸೆಯ ಮಾತು ಬಂದಿತ್ತು. ಕೆರೆದರೆ ಸಾಲದು, ಗಂಟು ಮತ್ತೆ ಬರುವ ಸಂಭವ ಹೆಚ್ಚು. ಮಕ್ಕಳಿಗೆ ಕ್ಷಯದ ಲಸಿಕೆ ಹಾಕುತ್ತಾರಲ್ಲ, ಅದರಲ್ಲಿರುವ ಬಲಗುಂದಿಸಿದ ಜೀವಂತ ಕ್ರಿಮಿಗಳನ್ನೇ ವಾರಕ್ಕೊಮ್ಮೆ ಮೂತ್ರಕೋಶದೊಳಗೆ ಬಿಡುತ್ತಾರೆ. ಕ್ರಿಮಿ ಬಂತೆಂದು ದೇಹದ ಕಾವಲು ಕೋಶಗಳು ಅಲ್ಲಿಗೆ ನುಗ್ಗುತ್ತವೆ. ನುಗ್ಗಿದವು ಕ್ರಿಮಿಯ ಜೊತೆಗೆ ಉಳಿದುಕೊಂಡ ಕ್ಯಾನ್ಸರ್ ಕೋಶಗಳನ್ನೂ ಮುಗಿಸುತ್ತವೆ. ಬಹಳ ಜನಕ್ಕೆ ಗುಣ ಕೊಟ್ಟ ಚಿಕಿತ್ಸೆ ಇದು ಎಂದು ಡಾಕ್ಟರು ಧೈರ್ಯ ಹೇಳಿ ಕಳಿಸಿದ್ದರು.

ಅಕ್ಕ ದಡ್ಡಿಯಲ್ಲ. ತಂಗಿ ಇಲಿಗಳ ಸಂಗತಿಯನ್ನು ಊಟದ ಹೊತ್ತಿಗೆ ಮಾತಿಗೆ ಮಾತು ಬಂದು ಹೇಳಿದ್ದಳು. ಹೇಳಬಾರದಿತ್ತೋ ಏನೋ; ಆದರೆ ಆ ಮನೆಯಲ್ಲಿ ಮೊದಲಿನಿಂದಲೂ ಇಬ್ಬರೂ ದಿನದ ಕೆಲಸ ಒಪ್ಪಿಸಿ ಮಲಗುವ ರೂಢಿ. ಅಕ್ಕ ಕೈ ತೊಳೆದು ಬಂದು ಕುರ್ಚಿ ಎಳೆದು ಎದುರಿಗೆ ಕೂತಳು.

"ಅಂದ್ರೆ ಕಾವಲಿನವರೇ ಕಳ್ಳನಿಗೆ ಚಾಕು ಮಸೆದು ಕೊಟ್ಟರು ಅಂತಾಯ್ತು."

"ಇರಬಹುದು. ಇಲಿಗಳಲ್ಲಿ ಹಾಗೆ ಕಾಣ್ತಿದೆ."

"ಈಗ ಡಾಕ್ಟರಮ್ಮ ಅದೇ ಕಾವಲಿನವರನ್ನ ಡಂಗುರ ಹೊಡೆದು ಕರೆಸ್ತೀನಿ ಅಂತಿದ್ದಾರೆ."

ತಂಗಿ ತನಗೆ ತಿಳಿದದ್ದನ್ನು ಹೇಳಿದಳು. ಕಾವಲು ಎಂದರೆ ಒಂದೇ ಬಗೆಯ ಕೋಶವಲ್ಲ. ಚರ್ಮದಲ್ಲಿ ಕೂತವು ಬೇರೆ, ರಕ್ತದಲ್ಲಿ ಹರಿದು ಬರುವವು ಬೇರೆ. ವಿಷ ಒಳಗೆ ಬರುವ ಹೊತ್ತಿನಲ್ಲಿ ಅವು ಮಾಡುವುದು ಒಂದು, ಗಂಟು ಎದ್ದ ಮೇಲೆ ಮಾಡುವುದು ಇನ್ನೊಂದು. ಅಕ್ಕನಿಗೆ ಆಗಬೇಕಾದ ಕೇಡು ಆಗಿ ಹೋಗಿದೆ, ಈಗ ಬೇಕಿರುವುದು ಹೊಡೆದು ಓಡಿಸುವವರು. ಹೇಳುತ್ತಾ ಹೇಳುತ್ತಾ ತನ್ನ ದನಿ ಸಭೆಯಲ್ಲಿ ಮಾತಾಡುವವರ ದನಿಯಂತಿದೆ ಎಂದು ಅವಳಿಗೇ ಅನಿಸಿತು.

"ಖಂಡಿತಾನಾ?" ಎಂದಳು ಅಕ್ಕ.

"ಖಂಡಿತ ಅಂತ ಯಾರೂ ಹೇಳಲ್ಲ."

"ನಾನು ಇಲಿ ಡಾಕ್ಟರನ್ನ ಕೇಳ್ತಿಲ್ಲ ಕಣೇ. ನನ್ನ ತಂಗೀನ ಕೇಳ್ತಿದೀನಿ. ಹಾಕಿಸ್ಕೊಳ್ಳಲಾ, ಬೇಡ್ವಾ?"

ತಂಗಿ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅಕ್ಕನ ಕಡೆ ಸರಿಸಿದಳು.

"ಹಾಕಿಸ್ಕೋ."

ಅಕ್ಕ ಎದ್ದು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಆ ವಿಷಯ ಅಲ್ಲಿಗೆ ಮುಗಿಯಿತು.

ಔಷಧಿ ಒಳಗೆ ಬಿಟ್ಟ ಮೇಲೆ ಒಂದೆರಡು ಗಂಟೆ ತಡೆದುಕೊಂಡಿರಬೇಕು. ಅದು ಗೋಡೆಯ ಎಲ್ಲ ಕಡೆಗೂ ತಾಗಲೆಂದು ಬೋರಲು, ಬಲಮಗ್ಗುಲು, ಅಂಗಾತ, ಎಡಮಗ್ಗುಲು ಹೀಗೆ ಹೊರಳುತ್ತಿರಬೇಕು. ನನ್ನನ್ನೂ ತೊಟ್ಟಿಗೆ ಹಾಕಿ ತಿರುವ್ತಾ ಇದ್ದಾರೆ, ಮಗ್ಗುಲು ಬದಲಿಸದಿದ್ರೆ ಬಣ್ಣ ಪಟ್ಟೆಪಟ್ಟೆಯಾಗಿ ಕೂರುತ್ತೆ ಎಂದು ಅಕ್ಕ ನರ್ಸಮ್ಮನನ್ನು ನಗಿಸಿದಳು. ತಂಗಿ ಪಕ್ಕದ ಸ್ಟೂಲಿನ ಮೇಲೆ ಕೂತು ಮಗ್ಗುಲು ಬದಲಿಸುವ ಹೊತ್ತು ಹೇಳುತ್ತಿದ್ದಳು. ಅಷ್ಟೇ ಅವಳಿಂದ ಆಗುತ್ತಿದ್ದುದು. ಸಮಾಧಾನದ ಮಾತು ಬಾಯಿಗೆ ಬರುತ್ತಿರಲಿಲ್ಲ, ಕೈ ಹಿಡಿದುಕೊಂಡರೆ ಯಾರದೋ ಕೈ ಹಿಡಿದಂತಿರುತ್ತಿತ್ತು.

ಮನೆಗೆ ನೋಡಲು ಬರುತ್ತಿದ್ದವಳು ಕೆಂಪಿ. ಅಕ್ಕನೊಂದಿಗೇ ಕಾರ್ಖಾನೆ ಸೇರಿದವಳು. ಉಳಿದವರು ವಾರಕ್ಕೊಂದು ತೊಟ್ಟಿಗೆ ಬದಲಾಗುತ್ತಿದ್ದರೆ, ಕೆಂಪು ಬಣ್ಣದ ಹದ ಇವಳ ಕೈಗೆ ಕೂತಷ್ಟು ಯಾರ ಕೈಗೂ ಕೂರುವುದಿಲ್ಲ ಎಂದು ಮೇಸ್ತ್ರಿ ಅವಳನ್ನು ಅಲ್ಲಿಂದ ಕದಲಿಸಿರಲಿಲ್ಲ. ಹೆಸರೂ ಹಾಗೇ ಬಿತ್ತು. ಅವಳ ಗಂಡನೂ ಅವಳನ್ನು ಕೆಂಪಿ ಎಂದೇ ಕೂಗುತ್ತಿದ್ದ. ಮಾತಿಗೆ ನಿಂತರೆ ಬೀದಿಯನ್ನೇ ತಿರುಗಿಸುವ ಹೆಂಗಸು, ಈಗ ಬಂದು ಗೋಡೆಗೆ ಒರಗಿ ಕೂತು ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. ಒಂದು ಸಾಯಂಕಾಲ ಹೊರಡುವಾಗ ಮೆಟ್ಟಿಲ ಬಳಿ ತಂಗಿಯನ್ನು ನಿಲ್ಲಿಸಿಕೊಂಡು ಕೇಳಿದಳು: ನಾನು ನಿಮ್ಮಕ್ಕನಿಗಿಂತ ಹೆಚ್ಚು ಹೊತ್ತು ಆ ತೊಟ್ಟಿಯಲ್ಲಿ ಕೈ ಅದ್ದಿದವಳು, ನನಗೆ ಬರಬೇಕಾದ್ದು ಅವಳಿಗೆ ಯಾಕೆ ಬಂತು.

ತಂಗಿ ಹೇಳಿದಳು, ಯಾಕೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ವಿಷ ಒಂದೇ ಆದರೂ ಅದನ್ನು ಬರಮಾಡಿಕೊಳ್ಳುವ ದೇಹ ಒಂದೇ ಅಲ್ಲ. ಒಬ್ಬರ ದೇಹ ಅದನ್ನು ತೊಳೆದು ಹೊರಗೆ ಹಾಕುತ್ತದೆ, ಇನ್ನೊಬ್ಬರ ದೇಹ ಅದನ್ನೇ ಹರಿತ ಮಾಡಿ ಇಟ್ಟುಕೊಳ್ಳುತ್ತದೆ. ನಿಮ್ಮ ಕಾವಲು ಕೋಶಗಳ ಬುದ್ಧಿ ಬೇರೆ ಇರಬಹುದು ಎಂದಳು. ಕೆಂಪಿ ಅದನ್ನು ಕೇಳಿ ಹಗುರಾದಂತೆ ಕಾಣಲಿಲ್ಲ. ನಿಮ್ಮ ಮಾತು ಚೆನ್ನಾಗಿದೆ ಕಣಮ್ಮಾ ಎಂದು ಚಪ್ಪಲಿ ಮೆಟ್ಟಿ ಹೋದಳು.

ಚಿಕಿತ್ಸೆ ಇನ್ನೇನು ಮುಗಿಯಬೇಕು ಎನ್ನುವಾಗ ಅಕ್ಕನಿಗೆ ಜ್ವರ ಬಂತು. ಚಿಕಿತ್ಸೆಯ ಮಾರನೆಯ ದಿನ ಮೈ ಬೆಚ್ಚಗಾಗುವುದು ಮಾಮೂಲು, ಡಾಕ್ಟರು ಮೊದಲೇ ಹೇಳಿದ್ದರು. ಇದು ಹಾಗಲ್ಲ. ಹಲ್ಲು ಕಟಕಟಿಸುವ ಚಳಿ, ಆಮೇಲೆ ಕೆಂಡದಂಥ ಮೈ, ತಂಗಿಯನ್ನು ನೋಡಿ ಅಮ್ಮಾ ಎಂದು ಕರೆಯುವಷ್ಟು ಕನವರಿಕೆ. ಆಂಬುಲೆನ್ಸ್ ಬಂದು ಎತ್ತಿಕೊಂಡು ಹೋಯಿತು. ಮೂತ್ರಕೋಶದಲ್ಲಿ ಇರಬೇಕಾದ ಕ್ರಿಮಿಗಳು ರಕ್ತಕ್ಕೆ ದಾಟಿವೆ, ಹೀಗಾಗುವುದು ಅಪರೂಪ ಎಂದರು ಡಾಕ್ಟರು. ಅಪರೂಪ ಎಂಬ ಮಾತನ್ನು ಎರಡು ಸಲ ಹೇಳಿದರು. ಅವರ ಮುಖವೂ ಬಾಡಿತ್ತು.

ತೀವ್ರ ನಿಗಾ ಘಟಕದ ಹೊರಗೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ತಂಗಿ ಅಲ್ಲಿ ಕೂತಳು. ಎದುರು ಗೋಡೆಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್, ಅದರ ಮೇಲೆ ಬಳಸುವ ಕ್ರಮ: ಪಿನ್ ಎಳೆಯಿರಿ, ಕೊಳವೆಯನ್ನು ಬುಡಕ್ಕೆ ಗುರಿಮಾಡಿ, ಒತ್ತಿರಿ. ಓದಿದಳು, ಮತ್ತೆ ಓದಿದಳು. ತಾನು ಹಾಕಿಸ್ಕೋ ಎಂದದ್ದು ನೆನಪಾಯಿತು. ಅದು ನೆನಪಾಗಿ ಏನೋ ಆಗುತ್ತದೆ ಎಂದು ಕಾದಳು. ಏನೂ ಆಗಲಿಲ್ಲ. ಪಕ್ಕದಲ್ಲಿ ಯಾರದೋ ಅತ್ತಿಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ತಂಗಿ ಅವಳಿಗೆ ತನ್ನ ನೀರಿನ ಬಾಟಲಿ ಕೊಟ್ಟಳು. ನಿಮ್ಮವರು ಯಾರು ಒಳಗೆ ಎಂದು ಆಕೆ ಕೇಳಿದಾಗ ಅಕ್ಕ ಎಂದಳು. ದೇವರು ನಿಮಗೆ ಗಟ್ಟಿ ಮನಸ್ಸು ಕೊಟ್ಟಿದ್ದಾನೆ ಎಂದಳು ಆಕೆ. ಗಟ್ಟಿ ಅಲ್ಲ, ಇಲ್ಲಿ ಮನಸ್ಸೇ ಇಲ್ಲ ಎಂದು ಹೇಳಬೇಕೆನಿಸಿತು. ಅಪರಿಚಿತರ ಹತ್ತಿರ ಅಂಥ ಮಾತು ಯಾಕೆ ಎಂದು ಮತ್ತೆ ಸಿಲಿಂಡರಿನ ಮೇಲಿನ ಅಕ್ಷರ ಓದತೊಡಗಿದಳು.

ಕ್ಷಯದ ಮಾತ್ರೆಗಳನ್ನೇ ಕೊಟ್ಟು, ಉರಿಯೂತ ಇಳಿಸುವ ಮದ್ದು ಕೊಟ್ಟು ಅಕ್ಕನನ್ನು ಉಳಿಸಿಕೊಂಡರು. ಜ್ವರ ಇಳಿಯುವ ಹೊತ್ತಿಗೆ ಅವಳ ಕೈ ಮೂಳೆ ಚಕ್ಕಳವಾಗಿತ್ತು. ಕಣ್ಣು ಬಿಟ್ಟು ಮೊದಲು ಕೇಳಿದ್ದು, ಕಾವಲಿನವರು ಹೋದರೇನೇ ಎಂದು. ಹೋಗ್ತಿದ್ದಾರೆ ಎಂದಳು ತಂಗಿ. ಬಂದ ಕೆಲಸ ಮಾಡಿ ಹೋಗ್ತಿದ್ದಾರೋ, ಬರೀ ಪಾತ್ರೆ ಒಡೆದು ಹೋಗ್ತಿದ್ದಾರೋ ಎಂದಳು ಅಕ್ಕ. ಅದು ತಿಳಿಯಲು ಮತ್ತೆ ಕೊಳವೆ ಬಿಟ್ಟು ನೋಡಬೇಕಿತ್ತು. ಉಳಿದ ಚಿಕಿತ್ಸೆ ನಿಂತಿತು.

ಅಕ್ಕ ಮನೆಯಲ್ಲಿ ಮಲಗಿ ಚೇತರಿಸಿಕೊಳ್ಳುವ ದಿನಗಳಲ್ಲಿ ಒಂದು ಮಾತು ಅಂದಳು. ಕಾರ್ಖಾನೆಯ ಹೆಂಗಸರಿಗೆ ಇದನ್ನು ಯಾರೂ ಹೇಳಿಲ್ಲ, ನಾನು ಹೇಳೋಣವೆಂದರೆ ನನಗೇ ನಾಚಿಕೆ, ನೀನು ಹೋಗಿ ಹೇಳು. ನನಗೆ ಮಾತಾಡಲು ಬರುವುದಿಲ್ಲ ಎಂದಳು ತಂಗಿ.

"ನಿನಗೆ ಈಗ ನಾಚಿಕೆನೂ ಇಲ್ಲ, ಭಯಾನೂ ಇಲ್ಲ, ಅಳೂನೂ ಇಲ್ಲ. ಇದಕ್ಕಿಂತ ಒಳ್ಳೆ ಹೊತ್ತು ಯಾವುದು ಸಿಗುತ್ತೆ?"

ತಂಗಿ ಪಾಳಿ ಬದಲಾಗುವ ಹೊತ್ತಿಗೆ ಹೋದಳು. ಬಾಗಿಲಲ್ಲಿ ಮೇಸ್ತ್ರಿ ಅಡ್ಡ ನಿಂತು, ಆಫೀಸಿನವರಿಗೆ ತಿಳಿದರೆ ನನ್ನ ತಲೆ ತಿನ್ನುತ್ತಾರೆ ಎಂದು ಗೊಣಗಿದ. ಅಕ್ಕನ ಸಾಮಾನು ಒಯ್ಯಲು ಬಂದಿದ್ದೇನೆ ಎಂದಳು ತಂಗಿ. ಅವನು ಪಕ್ಕಕ್ಕೆ ಸರಿದ. ಒಳಗೆ ಉದ್ದನೆಯ ಸಿಮೆಂಟು ಕಾಲುವೆಯ ಎರಡೂ ಕಡೆ ಹೆಂಗಸರು ಮೊಣಕೈವರೆಗೆ ಉಜ್ಜಿ ತೊಳೆದುಕೊಳ್ಳುತ್ತಿದ್ದರು. ನೀಲಿ, ಹಸಿರು, ಕೆಂಪು ಒಂದರಲ್ಲೊಂದು ಬೆರೆತು ಕಾಲುವೆಯ ಕೊನೆಗೆ ಬರೀ ಕಂದು ನೀರು ಹೋಗುತ್ತಿತ್ತು. ಹಬೆ, ಉಪ್ಪು, ಹುಳಿ ವಾಸನೆ. ತಂಗಿ ನಲ್ಲಿ ನಿಲ್ಲಿಸಿ ಎಂದಳು. ಯಾರೋ ಇಲಿ ಡಾಕ್ಟರು ಬಂದರು ಎಂದರು. ನಲ್ಲಿಗಳು ಒಂದೊಂದಾಗಿ ನಿಂತವು.

ಅವಳು ಸುತ್ತಿ ಬಳಸದೆ ಹೇಳಿದಳು. ಅಕ್ಕನಿಗೆ ಏನಾಗಿದೆ, ಯಾವ ಜಾಗದಲ್ಲಿ ಆಗಿದೆ, ಮೊದಲ ಗುರುತು ಏನು. ಕೆಂಪು ತೊಟ್ಟಿಯ ವಾರ ಮುಗಿದ ಮೇಲೂ ಕೆಂಪಗೆ ಹೋದರೆ, ನೋವಿಲ್ಲದಿದ್ದರೂ, ಒಂದೇ ಸಲ ಹೋಗಿ ನಿಂತರೂ ಡಾಕ್ಟರ ಹತ್ತಿರ ಹೋಗಿ, ಬಣ್ಣದ ಕೆಲಸ ಎಂದು ಬಾಯಿಬಿಟ್ಟು ಹೇಳಿ. ಒಬ್ಬಳು ಎಳೆಯ ಹುಡುಗಿ ಕಿಸಕ್ಕನೆ ನಕ್ಕು ಪಕ್ಕದವಳ ಹಿಂದೆ ಮುಖ ಅಡಗಿಸಿದಳು. ನಗಬೇಡ ಎಂದು ಯಾರೂ ಗದರಿಸಲಿಲ್ಲ. ಬಹಳ ಹೊತ್ತು ಯಾರೂ ನಲ್ಲಿ ತಿರುಗಿಸಲಿಲ್ಲ.

ಎಲ್ಲರೂ ಹೋದ ಮೇಲೂ ಕೆಂಪಿ ಮಾತ್ರ ಕಾಲುವೆಯ ಬಳಿ ನಿಂತಿದ್ದಳು. ಕೈ ಎಷ್ಟು ತೊಳೆದರೂ ಉಗುರಿನ ಸಂದಿಯ ಕೆಂಪು ಹೋಗುವಂಥದ್ದಲ್ಲ. ಆದರೂ ಉಜ್ಜುತ್ತಲೇ ಇದ್ದಳು.

"ವಾರ ಮುಗಿದ ಮೇಲೆ ನೋಡಿ ಅಂದ್ರಲ್ಲ," ಎಂದಳು ತಲೆಯೆತ್ತದೆ. "ನನಗೆ ಯಾವ ವಾರ ಮುಗಿದಿದೆ ಹೇಳಿ. ನನಗೆ ಎಲ್ಲ ವಾರಾನೂ ಕೆಂಪೇ."

ತಂಗಿ ಅವಳ ಪಕ್ಕಕ್ಕೆ ಹೋಗಿ ನಲ್ಲಿ ನಿಲ್ಲಿಸಿದಳು. ಎಷ್ಟು ದಿನದಿಂದ ಎಂದು ಕೇಳಿದಳು. ಕೆಂಪಿಗೆ ಗೊತ್ತಿರಲಿಲ್ಲ. ಬಹಳ ದಿನದಿಂದ ಎಂದಳು. ಬಣ್ಣವೇ ಇರಬಹುದು ಎಂದೂ ಸೇರಿಸಿದಳು. ಮೆಟ್ಟಿಲ ಬಳಿ ತಾನು ಹೇಳಿದ ಚೆಂದದ ಮಾತು ತಂಗಿಗೆ ನೆನಪಾಯಿತು, ಕಾವಲು ಕೋಶಗಳ ಬುದ್ಧಿ ಬೇರೆ ಇರಬಹುದು ಎಂದದ್ದು. ಆ ಹೆಂಗಸು ಅವತ್ತು ಕೇಳಬೇಕೆಂದಿದ್ದು ಬೇರೆಯೇ ಇತ್ತು. ನಾಳೆ ಬೆಳಿಗ್ಗೆ ನಾನೇ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ, ಕೆಲಸಕ್ಕೆ ಬರಬೇಡಿ ಎಂದಳು.

ಕೆಂಪಿಯ ಗಂಟು ಗೋಡೆಯೊಳಗೆ ಇಳಿದಿತ್ತು. ಕೆರೆಯುವುದಕ್ಕಾಗಲಿ, ಕ್ರಿಮಿ ಬಿಟ್ಟು ಕಾವಲಿನವರನ್ನು ಕರೆಸುವುದಕ್ಕಾಗಲಿ ಹೊತ್ತು ಮೀರಿತ್ತು. ಮೂತ್ರಕೋಶವನ್ನೇ ತೆಗೆದು, ಹೊಟ್ಟೆಯ ಮೇಲೆ ಹೊಸ ದಾರಿ ಮಾಡಿ, ಚೀಲ ಅಂಟಿಸಬೇಕು ಎಂದರು ಡಾಕ್ಟರು. ಕೆಂಪಿಯ ಗಂಡ, ದಿನವಿಡೀ ಲಾರಿ ಓಡಿಸುವ ದೊಡ್ಡ ಮೈಕಟ್ಟಿನ ಮನುಷ್ಯ, ಆ ಕೋಣೆಯಲ್ಲೇ ಮಗುವಿನ ಹಾಗೆ ಅತ್ತುಬಿಟ್ಟ. ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ತಂಗಿ ಮುಂದೆ ಏನೇನಾಗುತ್ತದೆ ಎಂದು ಮೆಲ್ಲಗೆ ಹೇಳುತ್ತಾ ಹೋದಳು. ಅವನು ಪ್ರತಿ ಮಾತಿಗೂ ಹೂಂ ಎಂದ.

ಕೆಂಪಿಯ ಶಸ್ತ್ರಚಿಕಿತ್ಸೆಗೆ ಮುಂಚೆ ಅಕ್ಕನನ್ನು ಮತ್ತೆ ಕೊಳವೆ ಬಿಟ್ಟು ನೋಡಿದರು. ಗೋಡೆ ಶುಭ್ರವಾಗಿತ್ತು. ಕೆರೆದ ಜಾಗದಲ್ಲಿ ಬಿಳಿಯ ಕಲೆ, ಸುತ್ತ ಸ್ವಲ್ಪ ಕೆಂಪು, ಅಷ್ಟೇ. ಆ ಕೆಂಪು ಕಾವಲು ಕೋಶಗಳು ಬಂದು ಹೋದ ಗುರುತು ಎಂದು ಡಾಕ್ಟರು ಬೆರಳಿಟ್ಟು ತೋರಿಸಿದರು. ಸದ್ಯಕ್ಕೆ ಏನೂ ಇಲ್ಲ, ಆದರೆ ಮೂರು ಮೂರು ತಿಂಗಳಿಗೆ ಬರುತ್ತಿರಬೇಕು. ನಿಮ್ಮ ಜ್ವರವೇ ನಿಮ್ಮನ್ನು ಕಾಪಾಡಿತೋ ಅಥವಾ ಜ್ವರ ಇಲ್ಲದಿದ್ದರೂ ಹೀಗೇ ಆಗುತ್ತಿತ್ತೋ ಹೇಳಲಾರೆ ಎಂದರು. ಅಕ್ಕ ತಂಗಿಯ ಮುಖ ನೋಡಿದಳು. ತಂಗಿ ಪರದೆಯ ಮೇಲಿನ ಬಿಳಿ ಕಲೆಯನ್ನು ನೋಡುತ್ತಿದ್ದಳು. ಸಂತೋಷಪಡಬೇಕಾದ ಸಂಗತಿ ಎಂದು ಅವಳಿಗೆ ಚೆನ್ನಾಗಿ ತಿಳಿಯುತ್ತಿತ್ತು.

ಆಮೇಲಿನ ತಿಂಗಳುಗಳಲ್ಲಿ ಕಾರ್ಖಾನೆಯಿಂದ ಇನ್ನೂ ಕೆಲವರು ಆಸ್ಪತ್ರೆಗೆ ಹೋಗಿ ಬಂದರು. ಒಬ್ಬಳಿಗೆ ಸಣ್ಣ ಗಂಟು ಸಿಕ್ಕಿತು, ಉಳಿದವರಿಗೆ ಏನೂ ಇರಲಿಲ್ಲ. ಕಾರ್ಖಾನೆಯಲ್ಲಿ ಹೊಸ ಕೈಗವಸುಗಳು ಬಂದವು. ಒಂದು ಬಗೆಯ ಕೆಂಪು ಪುಡಿಯ ಡಬ್ಬಗಳು ಉಗ್ರಾಣದಿಂದ ಕಾಣೆಯಾದವು. ಯಾಕೆಂದು ಯಾರೂ ಹೇಳಲಿಲ್ಲ, ಕೇಳಿದವರಿಗೆ ಮೇಸ್ತ್ರಿ ಬಾಯಿಗೆ ಬೀಗ ಹಾಕಿಕೊಂಡು ಚಾವಣಿ ನೋಡಿದ. ಅಕ್ಕನನ್ನು ಬಟ್ಟೆ ಮಡಿಸುವ ವಿಭಾಗಕ್ಕೆ ಹಾಕಿದರು. ಕೂತು ಮಾಡುವ ಕೆಲಸ. ಕೈಗೆ ಯಾವ ಬಣ್ಣವೂ ಹತ್ತದೆ ಬೇಜಾರು ಎಂದು ಮನೆಗೆ ಬಂದು ದೂರುತ್ತಿದ್ದಳು.

ಇಲಿಗಳ ಫಲಿತಾಂಶ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಪ್ರೊಫೆಸರು ಎಲ್ಲರ ಕೈ ಕುಲುಕಿದರು. ಎಲ್ಲರೂ ಹೋದ ಮೇಲೆ ತಂಗಿ ಅವರ ಕೋಣೆಗೆ ಹೋಗಿ, ಮುಂದೆ ನಾನು ಚರ್ಮ ಬಿಟ್ಟು ಮೂತ್ರಕೋಶ ನೋಡಬೇಕು ಎಂದಳು. ಒಂದೇ ತೊಟ್ಟಿಯಲ್ಲಿ ಕೈ ಅದ್ದಿದ ಇಬ್ಬರಲ್ಲಿ ಒಬ್ಬಳ ಗಂಟು ಗೋಡೆಯ ಮೇಲೇ ನಿಂತಿತು, ಇನ್ನೊಬ್ಬಳದು ಒಳಗಿಳಿಯಿತು, ಅಲ್ಲಿ ಕಾವಲು ಕೋಶಗಳು ಏನು ಮಾಡುತ್ತಿದ್ದವು ಎಂದು. ಪ್ರೊಫೆಸರು ಕೆಮ್ಮಿ, ಇದು ವರ್ಷಗಟ್ಟಲೆ ಹಿಡಿಯುವ ಕೆಲಸ, ಕೊನೆಗೂ ಇರಬಹುದು ಎಂಬಲ್ಲಿಗೇ ಬಂದು ನಿಲ್ಲಬಹುದು ಎಂದರು. ಆಗಲಿ ಎಂದಳು. ಮನೆಯಲ್ಲಿ ಈಗ ಹುಷಾರೇ ಎಂದು ಕೇಳಿದರು. ಹುಷಾರು ಎಂದಳು.

ಕೆಂಪಿ ಬದುಕಿಕೊಂಡಳು. ಆದರೆ ಚೀಲಕ್ಕೆ ಹೊಂದಿಕೊಳ್ಳಲು ಬಹಳ ಕಷ್ಟಪಟ್ಟಳು. ಅದನ್ನು ಗಂಡನಿಗೆ ತೋರಿಸಲು ಒಲ್ಲೆ ಎಂದಳು, ಮಗಳಿಗೂ ತೋರಿಸಲು ಒಲ್ಲೆ ಎಂದಳು. ತಂಗಿಗೆ ತೋರಿಸಿದಳು. ಹೀಗಾಗಿ ವಾರದಲ್ಲಿ ಎರಡು ಸಲ ಪ್ರಯೋಗಾಲಯದಿಂದ ನೇರವಾಗಿ ತಂಗಿ ಕೆಂಪಿಯ ಮನೆಗೆ ಹೋಗುತ್ತಿದ್ದಳು. ಬಾಗಿಲು ಹಾಕಿಕೊಂಡು, ಬೆಚ್ಚನೆಯ ನೀರಿನಲ್ಲಿ ಅಂಟನ್ನು ನೆನೆಸಿ, ಚರ್ಮ ಎಳೆಯದ ಹಾಗೆ ಹಳೆಯದನ್ನು ಬಿಡಿಸಿ, ಒರೆಸಿ, ಹೊಸದನ್ನು ಅಂಟಿಸುತ್ತಿದ್ದಳು. ಕೆಂಪಿ ಚಾವಣಿ ನೋಡುತ್ತಾ ಮಲಗಿರುತ್ತಿದ್ದಳು. ಅಕ್ಕ ಹಾಸಿಗೆಯ ಇನ್ನೊಂದು ತುದಿಯಲ್ಲಿ ಕೂತು, ಮಡಿಸುವ ವಿಭಾಗದಲ್ಲಿ ಯಾರು ಯಾರಿಗೆ ಮುಖ ಗಂಟಿಕ್ಕಿದರು ಎಂಬ ಪುರಾಣ ಬಿಚ್ಚುತ್ತಿದ್ದಳು.

ಒಂದು ದಿನ ಹಾಗೇ ಅಂಟಿಸುತ್ತಿರುವಾಗ ಕೆಂಪಿ ಕೇಳಿದಳು, ನಿಮಗೆ ಅಸಹ್ಯ ಆಗಲ್ವಾ ಎಂದು.

ತಂಗಿ ಯೋಚಿಸಿದಳು. "ಇಲ್ಲ. ಏನೂ ಆಗಲ್ಲ," ಎಂದಳು. ಅದು ನಿಜವಾಗಿತ್ತು.

"ನನಗೂ ಹಾಗೇ ಆಗ್ಲಿ ಅಂತ ಕಾಯ್ತಿದೀನಿ," ಎಂದಳು ಕೆಂಪಿ.

"ಆಗೋದು ಬೇಡ ಬಿಡಿ," ಎಂದು ತಂಗಿ ಅಂಟಿನ ಅಂಚನ್ನು ಬೆರಳಿನಿಂದ ಒತ್ತುತ್ತಾ ಸುತ್ತ ಬಂದಳು. ಎಲ್ಲೂ ಸೋರುತ್ತಿರಲಿಲ್ಲ. ಅಂಗಿ ಕೆಳಗೆ ಎಳೆದು ಸರಿಮಾಡಿದಳು. ಕೆಂಪಿ ಅವಳ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲಿಲ್ಲ. ತಂಗಿಯೂ ಬಿಡಿಸಿಕೊಳ್ಳಲಿಲ್ಲ. ಹೊರಗೆ ಕೆಂಪಿಯ ಗಂಡ ಲಾರಿ ನಿಲ್ಲಿಸಿ, ಒಳಗೆ ಬರಬಹುದೋ ಇಲ್ಲವೋ ತಿಳಿಯದೆ, ಬಾಗಿಲ ಹತ್ತಿರ ಚಪ್ಪಲಿ ಬಿಡುವ ಸದ್ದು ಮಾಡುತ್ತಾ ನಿಂತಿದ್ದ.